ಗೋತ್ರ ಹೇಳಿಕೊಂಡು ಬಂದ ಮಾವ

ಮಾನ್ವಿಯ ತುಳಸಿಬಾಯಿಗೆ ಸಿಟ್ಟನ್ನು ಬಚ್ಚಿಟ್ಟುಕೊಳ್ಳುವುದು ಗೊತ್ತೇ ಇರಲಿಲ್ಲ. ಹಾಲಿಗೆ ನೀರು ಬಿದ್ದರೆ ಹಾಲಿನವನ ಮುಖದ ಮೇಲೇ ಹೇಳುವರು. ಪುರಾಣ ಹೇಳುವ ಆಚಾರ್ಯರು ಹೊತ್ತು ಮೀರಿಸಿದರೆ ಸಭೆಯ ನಡುವೆ ಎದ್ದು ನಿಂತು, “ಆಚಾರ್ರ, ಮಂಗಳಾರತಿ ಮಾಡ್ರಿ ಇನ್ನ, ಮಂದಿಗೆ ಮನಿ ಮಾರು ಅವ” ಅನ್ನುವರು. “ಆಕಿ ಹೆಸರಿನಾಗೇ ಬಾಯಿ ಅದ ನೋಡಪಾ” ಎಂದು ಓಣಿಯವರು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಹಾಗಂತ ಸುಮ್ಮಸುಮ್ಮನೆ ಜಗಳ ತೆಗೆಯುವ ಹೆಂಗಸು ಅಂದುಕೊಳ್ಳಬೇಡಿ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ತವರಿನವರು, “ಮನ್ಯಾಗ ಇರು, ಒಂದು ತುತ್ತು ನಮಗ ಭಾರ ಅಲ್ಲ” ಅಂದರು. “ತುತ್ತು ಭಾರ ಅಲ್ಲ, ಸುಮ್ನ ಕೂಡೋದು ಭಾರ” ಎಂದು ಹೊಲಿಗೆ ಕಲಿತು, ದೇವದುರ್ಗದ ಹುಡುಗಿಯರ ಸಾಲೆಯಲ್ಲಿ ಹೊಲಿಗೆ ಟೀಚರ್ ಆದರು. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದರು.

ಆ ಊರಲ್ಲಿ ಇವತ್ತಿಗೂ ಹೇಳುವ ಕಥೆಯೊಂದಿದೆ. ಸಾಲೆ ಬಿಡುವ ಹೊತ್ತಿಗೆ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಬಂದು ಗೇಟಿನೆದುರು ನಿಲ್ಲುವನು, ಹುಡುಗಿಯ ಹೆಸರು ಹಿಡಿದು ಕೂಗುವನು. ಹೆಡ್ ಮಾಸ್ತರರು ಭಾರೀ ಜಾಣತನ ಮಾಡಿದರು: ಹುಡುಗಿಯರನ್ನು ಹಿಂದಿನ ಬಾಗಿಲಿನಿಂದ ಬಿಡಿ ಅಂದರು. ತುಳಸಿಬಾಯಿ ಹಿಂದಿನ ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಹುಡುಗಿಯರನ್ನೆಲ್ಲ ಸಾಲು ಮಾಡಿ ಮುಂದಿನ ಗೇಟಿನಿಂದಲೇ ಹೊರಡಿಸಿದರು. ತಾವು ಎಲ್ಲರಿಗಿಂತ ಮುಂದೆ ನಡೆದು, ಆ ಮಹಾರಾಯನ ಗಾಡಿಯ ಚಾವಿ ಕಿತ್ತು ಬಾವಿಗೆ ಎಸೆದರು. ಬಾವಿಗಲ್ಲ, ಗಟಾರಕ್ಕೆ ಅನ್ನುವವರೂ ಇದ್ದಾರೆ. ಎಲ್ಲಿಗಾದರೂ ಆಗಲಿ, ಅವನು ಗಾಡಿ ತಳ್ಳಿಕೊಂಡು ಹೋದದ್ದನ್ನು ಇಡೀ ದೇವದುರ್ಗ ನೋಡಿತು.

ಜನ ಇಷ್ಟು ಹೇಳಿ ನಗುತ್ತಾರೆ. ತುಳಸಿಬಾಯಿ ನಗುವುದಿಲ್ಲ. ಅವನು ಕೂಗುತ್ತಿದ್ದದ್ದು ದುರುಗಮ್ಮನ ಹೆಸರನ್ನು. ಕುರಿ ಕಾಯುವ ಅಂಬಣ್ಣನ ಮಗಳು ಅವಳು, ಸೂಜಿ ಹಿಡಿದರೆ ಬಟ್ಟೆ ಅವಳ ಮಾತು ಕೇಳುತ್ತಿತ್ತು. “ಹುಡುಗಿ ಹೆಸರು ಊರ ಬಾಯಿಗೆ ಬಿತ್ರೀ” ಎಂದು ಅಂಬಣ್ಣ ಅವಳನ್ನು ಸಾಲೆ ಬಿಡಿಸಿ, ಅದೇ ವರ್ಷ ಮದುವೆ ಮಾಡಿಬಿಟ್ಟ. ತುಳಸಿಬಾಯಿ ಅವನ ಹಟ್ಟಿಗೆ ಹೋಗಿ ಕೈಮುಗಿದರು, ಬೈದರು, ಕಡೆಗೆ ಅತ್ತರು. ಏನೂ ಆಗಲಿಲ್ಲ. ಬಹಳ ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕ ದುರುಗಮ್ಮ, ಬಗಲಲ್ಲಿ ಕೂಸು ಇಟ್ಟುಕೊಂಡು, “ಟೀಚರ್ರೀ, ಕಾಜಾ ಹೊಲಿಯಾದು ನಾ ಇನ್ನೂ ಮರ್ತಿಲ್ಲರೀ” ಎಂದು ನಕ್ಕಳು. ಆ ನಗು ತುಳಸಿಬಾಯಿಯ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು. ಕೂಗಿದವನು ಗಾಡಿ ತಳ್ಳಿಕೊಂಡು ಮನೆಗೆ ಹೋದ, ಸಾಲೆ ಬಿಟ್ಟವಳು ದುರುಗಮ್ಮ. ಇದೆಂಥ ನ್ಯಾಯ?

ನಿವೃತ್ತಿಯಾದ ಮೇಲೆ ಅವರು ಮಾನ್ವಿಯ ಮನೆಗೆ ಬಂದರು. ಹಜಾರದಲ್ಲಿ ಓಣಿಯ ಹುಡುಗಿಯರನ್ನು ಕೂರಿಸಿಕೊಂಡು ದೇವರ ಹಾಡು ಹೇಳಿಕೊಡತೊಡಗಿದರು. ಅಣ್ಣನ ಮಗ ಗುರುಪ್ರಸನ್ನ ರಾಯಚೂರಿನಲ್ಲಿ ಕಾಲೇಜಿಗೆ ಗಣಿತ ಹೇಳುವ ಲೆಕ್ಚರರ್. ಅವನ ಹೆಂಡತಿ ಮಾಧವಿ. ಅವರಿಗೆ ಒಬ್ಬಳೇ ಮಗಳು, ಶ್ರೀವಲ್ಲಿ. ಒಂಬತ್ತನೇ ತರಗತಿಯ ಈ ಹುಡುಗಿಯ ಕಂಠ ತುಳಸಿಬಾಯಿಯ ಕೈಯಲ್ಲೇ ತಿದ್ದಿದ್ದು. ಹುಡುಗಿ ಬಾಯಿ ತೆರೆದರೆ ಮುದುಕಿಯ ಸಿಟ್ಟೆಲ್ಲ ಕರಗಿ ನೀರಾಗುತ್ತಿತ್ತು.

ಗುರುಪ್ರಸನ್ನನ ಬಡಾವಣೆಯಲ್ಲಿ ವೆಂಕಟರಮಣನ ಗುಡಿಯೊಂದಿದೆ. ಶನಿವಾರದ ಪೂಜೆಯನ್ನು ಮೊಬೈಲಿನಲ್ಲಿ ಲೈವ್ ಬಿಡುವ ರೂಢಿ ಅಲ್ಲಿ ಬಿದ್ದು ಕೆಲವು ವರ್ಷವಾಗಿತ್ತು. ಭಕ್ತರ ಮೊಬೈಲ್ ಗ್ರೂಪೂ ಒಂದಿತ್ತು, ಯಾರು ಬೇಕಾದರೂ ಸೇರಬಹುದಿತ್ತು. ಬರಲಾಗದವರು ಆ ಲೈವಿನ ಕೆಳಗೆ ಹೆಸರು, ಗೋತ್ರ, ನಕ್ಷತ್ರ ಬರೆದರೆ ಸಾಕು, ಅರ್ಚಕರು ಓದಿ ಸಂಕಲ್ಪ ಮಾಡುವರು. ಸಂಕಲ್ಪವೆಂದರೆ ಇಂಥವರ ಪರವಾಗಿ ಈ ಪೂಜೆ ಎಂದು ದೇವರಿಗೆ ಹೇಳುವುದು. ಒಂದಕ್ಷರ ತಪ್ಪಿದರೆ ಪುಣ್ಯವೆಲ್ಲಿ ಪಕ್ಕದ ಮನೆಗೆ ಹೋದೀತೋ ಎಂಬ ಹೆದರಿಕೆ ನಮ್ಮ ಮಂದಿಗೆ. ಅದಕ್ಕೇ ಬರೆಯುವ ಭರಾಟೆ ನೋಡಬೇಕು: ಕುಮಾರಿ ಶ್ರೀವಲ್ಲಿ, ಕಾಶ್ಯಪ ಗೋತ್ರ, ರೇವತಿ ನಕ್ಷತ್ರ, ಒಂಬತ್ತನೇ ತರಗತಿ, ಇಂಥ ಸಾಲೆ, ಸಂಗೀತದಲ್ಲಿ ಏಳಿಗೆಯಾಗಲಿ, ಕಂಟಕಗಳು ದೂರವಾಗಲಿ. ಪ್ರಸಾದ ಪೋಸ್ಟಿನಲ್ಲಿ ಬರಲಿ ಎಂದು ಕೆಲವರು ಮನೆಯ ನಂಬರು, ಓಣಿ, ಫೋನು ಎಲ್ಲ ಹಾಕುವರು. ಮಗಳ ಕಂಟಕ ದೂರವಾಗಲಿ ಎಂದು ಕಂಟಕಕ್ಕೇ ವಿಳಾಸ ಕೊಡುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ. ಲೆಕ್ಚರರ್ ಮಹಾಶಯನಿಗೂ ಹೊಳೆಯಲಿಲ್ಲ.

ಆ ವರ್ಷ ಶ್ರಾವಣದಲ್ಲಿ, ಪಂಚಮಿ ಹಬ್ಬಕ್ಕೆ ಶ್ರೀವಲ್ಲಿ ಮಾನ್ವಿಗೆ ಬಂದಳು. ಬಸ್ಸಿನಿಂದ ಇಳಿದವಳೇ “ಜೋಕಾಲಿ ಎಲ್ಲಿ ಕಟ್ಟೀರಿ ಅಜ್ಜಿ?” ಎಂದು ಕೇಳುತ್ತಿದ್ದ ಹುಡುಗಿ, ಈ ಸಲ ಜೋಕಾಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಶೇಂಗಾ ಉಂಡೆ ತಟ್ಟೆಯಲ್ಲೇ ಉಳಿಯಿತು. ಹಾಡು ಅಂದರೆ ಗಂಟಲು ನೋವು ಅಂದಳು. ಅವಳ ಮೊಬೈಲು ಟಿಂಗ್ ಎಂದಾಗೆಲ್ಲ ಹೆಗಲು ಬಿಗಿಯಾಗುತ್ತಿತ್ತು.

“ಯಾಕ ಮಗಾ, ಯಾರರ ಬೈದ್ರೇನು?”

“ಇಲ್ಲಜ್ಜಿ.”

“ಸಾಲ್ಯಾಗ ಜಗಳಾಡಿದೇನು?”

“ಇಲ್ಲಂದ್ನೆಲ್ಲಾ!”

ಹುಡುಗಿ ಎಂದೂ ಹೀಗೆ ಚೀರಿದವಳಲ್ಲ. ತುಳಸಿಬಾಯಿ ಸುಮ್ಮನಾದರು. ಸುಮ್ಮನಾಗುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ಮಾನ್ವಿಯವರಿಗೆ ಹೇಳಿದರೆ ನಂಬುವುದಿಲ್ಲ.

ಹಬ್ಬದ ಬೆಳಿಗ್ಗೆ ಅವರು ಮಡಿಯಲ್ಲಿದ್ದರು. ಸ್ನಾನ ಮಾಡಿ, ಒಗೆದು ಒಣಗಿಸಿದ ಸೀರೆ ಉಟ್ಟು, ನೈವೇದ್ಯವಾಗುವವರೆಗೆ ಯಾರನ್ನೂ ಮುಟ್ಟದಿರುವುದು ಮಡಿ. ತುಳಸಿಬಾಯಿಯ ಮಡಿಯೆಂದರೆ ಊರಿಗೇ ಹೆಸರಾದದ್ದು. ಮಡಿಯಲ್ಲಿದ್ದಾಗ ಫೋನು ಹೊಡೆದುಕೊಂಡರೆ ದೂರ ನಿಂತು ಅದಕ್ಕೇ ಬೈಯುವರು. ಅಂಥವರು ಒಲೆಯ ಮೇಲೆ ಕಡಬಿನ ಪಾತ್ರೆ ಇಟ್ಟು ನಿಂತಿದ್ದಾಗ, ಶ್ರೀವಲ್ಲಿ ಅಡಿಗೆಮನೆಯ ಹೊಸಿಲಿಗೆ ಬಂದಳು. ಮುಖ ಬಿಳಿಚಿತ್ತು, ಕೈಯಲ್ಲಿ ಮೊಬೈಲಿತ್ತು.

“ಏ, ಅಲ್ಲೇ ನಿಲ್ಲು! ಮಡಿ ಅದ, ಒಳಗ ಬರಬ್ಯಾಡ.”

ಹುಡುಗಿ ನಿಲ್ಲಲಿಲ್ಲ. ಹೊಸಿಲು ದಾಟಿ ಓಡಿಬಂದು ಅಜ್ಜಿಯ ನಡು ಹಿಡಿದುಕೊಂಡು, ಮಡಿ ಸೀರೆಯಲ್ಲಿ ಮುಖ ಹುದುಗಿಸಿ, ಗಳಗಳ ಅತ್ತಳು. ತುಳಸಿಬಾಯಿಯ ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅರವತ್ತು ದಾಟಿದ ಜೀವ, ಇಷ್ಟು ವರ್ಷ ಯಾರಿಗೂ ಸಡಿಲು ಬಿಡದ ನೇಮ. ಒಂದು ಗಳಿಗೆಯಷ್ಟೇ. ಸೌಟು ಕೆಳಗಿಟ್ಟು ಎರಡೂ ಕೈಯಿಂದ ಹುಡುಗಿಯನ್ನು ಅವಚಿಕೊಂಡರು. ಮಡಿ ಇನ್ನೊಂದು ಬಿಂದಿಗೆ ನೀರಿಗೆ ತಿರುಗಿ ಬರುತ್ತದೆ, ಹುಡುಗಿ ಕೈತಪ್ಪಿದರೆ ಯಾವ ನೀರಿಗೆ ಬಂದಾಳು?

ಬಿಕ್ಕುತ್ತ ಬಿಕ್ಕುತ್ತ ಶ್ರೀವಲ್ಲಿ ಹೇಳಿದ್ದು ಇಷ್ಟು. ಎರಡು ತಿಂಗಳ ಹಿಂದೆ ಯಾರೋ ಮೆಸೇಜು ಕಳಿಸಿದ. ನೀನು ಕಾಶ್ಯಪ ಗೋತ್ರದ ಶ್ರೀವಲ್ಲಿ ಅಲ್ಲವೇ, ರೇವತಿ ನಕ್ಷತ್ರ ಅಲ್ಲವೇ, ನಾನು ನಿಮ್ಮ ಅಮ್ಮನ ಕಡೆಯಿಂದ ನಿನಗೆ ಮಾವನಾಗಬೇಕು ಅಂದ. ಗೋತ್ರ, ನಕ್ಷತ್ರ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಹುಡುಗಿ ನಂಬಿದಳು. ಹಾಡು ಬಹಳ ಚೆನ್ನ, ಟೀವಿಯ ಹಾಡಿನ ಸ್ಪರ್ಧೆಗೆ ಸೇರಿಸುತ್ತೇನೆ, ಅಪ್ಪ ಅಮ್ಮನಿಗೆ ಈಗಲೇ ಹೇಳಬೇಡ, ಆಯ್ಕೆಯಾದ ಮೇಲೆ ಹೇಳಿ ಬೆರಗುಗೊಳಿಸೋಣ ಅಂದ. ಫೋಟೋ ಕೇಳಿದ. ಹಬ್ಬದಲ್ಲಿ ಲಂಗ ದಾವಣಿ ಉಟ್ಟದ್ದನ್ನು ಕಳಿಸಿದಳು. ಆ ಮುಖ ತೆಗೆದು ಇನ್ಯಾರದೋ ಮೈಗೆ ಅಂಟಿಸಿ, ನೋಡಬಾರದ ಹಾಗೆ ಮಾಡಿ ತಿರುಗಿ ಕಳಿಸಿದ್ದ. ಈಗ ಅವನು ಹೇಳಿದ ಹಾಗೆ ಕೇಳಬೇಕಂತೆ. ಇಲ್ಲದಿದ್ದರೆ ಈ ಶನಿವಾರ ಪೂಜೆಯ ಹೊತ್ತಿಗೆ ಅದನ್ನು ಗುಡಿಯ ಗ್ರೂಪಿಗೇ ಹಾಕುತ್ತಾನಂತೆ.

“ನನ್ನದೇ ತಪ್ಪಜ್ಜಿ. ನಾನೇ ಫೋಟೋ ಕಳಿಸೀನಿ.”

“ಮಾವ ಅಂತ ನಂಬಿ ಕಳಿಸಿದಿ. ನಂಬಿದಾಕಿದು ಯಾವ ತಪ್ಪು? ನಂಬಿಸಿ ಕುತಿಗಿ ಹಿಡಿದನಲ್ಲ, ಆ ಮುಕಳ್ಯಾಂದು ತಪ್ಪು.” ಬಾಯಿಗೆ ಬಂದ ಬೈಗುಳ ಹಬ್ಬದ ದಿನ ಅಡಿಗೆಮನೆಯಲ್ಲಿ ಆಡುವಂಥದ್ದಲ್ಲ. ಆಡಿದರು. ಆಮೇಲೆ ಹುಡುಗಿಯ ಕಣ್ಣೊರೆಸಿದರು. “ನನಗ ಹೇಳಿದಿ, ಛಲೋ ಮಾಡಿದಿ. ಇಷ್ಟು ದಿನ ಇದನ್ನ ನೀ ಒಬ್ಬಾಕಿನೇ ಹೊತ್ತಿದ್ದಿ. ಇನ್ನ ನಾ ಹೊರ್ತೀನಿ. ನನ್ನ ಕೂಡ ಗುದ್ದಾಡ್ಲಿ ಅಂವ.”

ನೈವೇದ್ಯದ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, “ನಾಗಪ್ಪ ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ” ಎಂದು ಹುಡುಗಿಯ ಕೈ ಹಿಡಿದು ರಾಯಚೂರಿನ ಬಸ್ಸು ಹತ್ತಿದರು. ಕುರ್ಡಿ ಕಡೆಯ ಹೆಂಗಸರು ಹಬ್ಬದ ಸೀರೆಯುಟ್ಟು ತವರಿಗೆ ಹೊರಟಿದ್ದರು, ಬಸ್ಸು ತುಂಬ ನಗು. ಶ್ರೀವಲ್ಲಿ ದಾರಿಯುದ್ದಕ್ಕೂ ಅಜ್ಜಿಯ ಸೆರಗು ಬಿಡಲಿಲ್ಲ.

ವಿಷಯ ಕೇಳಿದ ಗುರುಪ್ರಸನ್ನ ಮೊದಲು ಮಾಡಿದ ಕೆಲಸ ನೋಡಿ. ಮಗಳನ್ನು ಹತ್ತಿರ ಕರೆಯಲಿಲ್ಲ, ಊಟ ಮಾಡಿದಿಯಾ ಎಂದು ಕೇಳಲಿಲ್ಲ. “ಫೋನ್ ಕೊಡಿಲ್ಲೆ. ಎಲ್ಲಾ ಡಿಲೀಟ್ ಮಾಡ್ತೀನಿ” ಎಂದು ಕೈ ಚಾಚಿದ. ತುಳಸಿಬಾಯಿ ಆ ಫೋನನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಕಳವಾದ ಮನ್ಯಾಗ ಪೊಲೀಸರು ಬರೂಕಿಂತ ಮೊದ್ಲೇ ಕಸಾ ಹೊಡಿತಾರೇನೋ? ಅಂವ ಬರದದ್ದೆಲ್ಲಾ ಇದರಾಗ ಅದ. ಇದನ್ನ ಠಾಣೆಕ್ಕ ಒಯ್ಯೂದು.”

“ಅತ್ಯಾ, ನಿಮಗ ತಿಳಿಯಂಗಿಲ್ಲ. ಠಾಣೆ ಕಟ್ಟಿ ಹತ್ತಿದ್ರ ಮುಗೀತು, ನಾಳೆ ಬಡಾವಣಿ ತುಂಬ ಇದೇ ಮಾತು. ಆಕಿ ಹಾಡೋದು ಬಂದ್. ಸಾಲಿನೂ ಸಾಕು. ದೇವದುರ್ಗದಾಗ ಮಾಧವಿ ಅಣ್ಣನ ಮನಿ ಅದ, ಅಲ್ಲಿ ಇರ್ಲಿ. ಮನ್ಯಾಗ ಓದಿ ಪರೀಕ್ಷಾ ಕಟ್ಲಿ.”

ಅಷ್ಟರಲ್ಲಿ ಅವನೇ ಫೋನು ಮಾಡಿ ಕರೆಸಿದ್ದ ಹನುಮಂತರಾಯ ಬಂದ. ಗುಡಿಯ ಕಮಿಟಿಯ ಯಜಮಾನ, ಆ ಲೈವಿಗೂ ಗ್ರೂಪಿಗೂ ಅವನದೇ ಕಾರಭಾರ. ಎಲ್ಲ ಕೇಳಿ ಹಣೆ ಒರೆಸಿಕೊಂಡ.

“ತುಳಸಕ್ಕಾ, ಇಂಥಾವು ನಮ್ಮ ಮಂದ್ಯಾಗ ಹೊರಗ ಹಾಕಬಾರದು. ಗುಡಿ ಹೆಸರು ಬರ್ತದ. ಮತ್ತ ನಾಳೆ ಹುಡುಗಿಗೆ ವರ ನೋಡಬೇಕಲ್ಲ?”

“ಒಂಬತ್ನೇ ಕ್ಲಾಸಿನ ಹುಡುಗಿಗೆ ನೀ ಯಾಕ ವರ ನೋಡಾಕತ್ತೀಯೋ ಹನುಮಂತರಾಯ? ನಿನಗ ಬ್ಯಾರೆ ಉದ್ಯೋಗ ಇಲ್ಲೇನು? ನಿನ್ನ ಗುಡಿ ಲೈವಿನ್ಯಾಗ ಬರದದ್ದನ್ನ ಓದಿ ಅಂವ ಈ ಮನಿ ಹೊಸಿಲು ದಾಟ್ಯಾನ. ಮೊದ್ಲು ಅದನ್ನ ನೋಡು.”

ಮಾತಿಗೆ ಮಾತು ಬೆಳೆಯಿತು. ಕಡೆಗೆ ಗುರುಪ್ರಸನ್ನ ಎದ್ದು ನಿಂತು ಹೇಳಿದ: “ಆತು, ನಿಮ್ಮ ಹಟಾ ನಿಮಗ. ಆದ್ರ ಶನಿವಾರ ಆ ಫೋಟೋ ಗ್ರೂಪಿನ್ಯಾಗ ಬಂತಂದ್ರ, ಐತವಾರ ಆಕಿ ದೇವದುರ್ಗಕ್ಕ. ಮುಂದ ಮಾತಿಲ್ಲ. ನಾ ಆಕಿ ಅಪ್ಪ.”

ಶ್ರೀವಲ್ಲಿ ಗೋಡೆಗೆ ಒರಗಿ ನಿಂತು ಎಲ್ಲ ಕೇಳುತ್ತಿದ್ದಳು. ತುಳಸಿಬಾಯಿಗೆ ಅಲ್ಲಿ ಅಂಬಣ್ಣನ ಹಟ್ಟಿ ಕಂಡಿತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಇವನು ಕಾಲೇಜಿಗೆ ಗಣಿತ ಹೇಳುವವನು, ಇಬ್ಬರ ಲೆಕ್ಕವೂ ಒಂದೇ ಉತ್ತರಕ್ಕೆ ಬಂತಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು. ಚಪ್ಪಲಿ ಮೆಟ್ಟಿ ಹೊರಟರು. ಅಲ್ಲಿಯವರೆಗೆ ಒಂದು ಮಾತೂ ಆಡದೆ ಅಳುತ್ತಿದ್ದ ಮಾಧವಿ, ಗಂಡನ ಮುಖ ನೋಡದೆ, “ತಡೀರಿ ಅತ್ಯಾ, ನಾನೂ ಬರ್ತೀನಿ” ಎಂದು ಮಗಳ ಹೆಗಲ ಮೇಲೆ ಕೈ ಹಾಕಿದಳು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ವಾಹಿದಾ ಇದ್ದಳು. ಮೊಬೈಲಿನಲ್ಲಿದ್ದದ್ದನ್ನು ಪೂರ್ತಿ ನೋಡಿ, ತಲೆಯೆತ್ತಿ ಹುಡುಗಿಗೆ ಮೊದಲು ಹೇಳಿದ್ದು ಒಂದೇ ಮಾತು. “ಬೇಟಾ, ನೀ ಏನೂ ತಪ್ಪು ಮಾಡಿಲ್ಲ. ತಿಳೀತಾ?” ಆಮೇಲೆ ದೊಡ್ಡವರ ಕಡೆ ತಿರುಗಿದಳು. “ಡಿಲೀಟ್ ಮಾಡಿಲ್ಲಲ್ಲಾ, ಭಾಳ ಛಲೋ ಆತ್ರೀ. ಇದೇ ಸಾಕ್ಷಿ. ಅಂವಗ ಇನ್ನ ಯಾರೂ ಉತ್ತರ ಕೊಡಬ್ಯಾಡ್ರಿ. ಹುಡುಗಿ ಹೇಳಿಕಿ ಇಲ್ಲಿ ತಗೊಳ್ಳಂಗಿಲ್ಲ, ಮನಿಗೇ ಬರ್ತೀನಿ, ಈ ಯೂನಿಫಾರಂ ಹಾಕ್ಕೊಂಡು ಬರಂಗಿಲ್ಲ. ಕಂಪ್ಲೇಂಟ್ ಯಾರು ಕೊಡ್ತೀರಿ? ಅಪ್ಪ ಬಂದಿಲ್ಲೇನು?”

“ಅಪ್ಪಗ ಮರ್ಯಾದಿ ಜ್ವರ ಬಂದದ. ನಾ ಕೊಡ್ತೀನಿ ಬರಕೋರಿ” ಅಂದರು ತುಳಸಿಬಾಯಿ. “ಶನಿವಾರದೊಳಗ ಅಂವನ್ನ ಹಿಡೀತೀರೇನು?”

“ಸುಳ್ಳ್ಯಾಕ ಹೇಳ್ಲಿ ಅಮ್ಮಾ? ಆ ಅಕೌಂಟ್ ಬಂದ್ ಮಾಡಸಾಕ ಇವತ್ತೇ ಬರೀತೀವಿ. ಆದ್ರ ಅಂವ ಇನ್ನೊಂದು ಹೆಸರಿಂದ ಬರಬಹುದು. ಎಲ್ಲಿದ್ದಾನೋ, ಯಾವ ಊರಾಗಿದ್ದಾನೋ, ಹುಡುಕಾಕ ಟೈಮ್ ಹಿಡಿತದ. ಶನಿವಾರ ಫೋಟೋ ಬರಂಗಿಲ್ಲ ಅಂತ ನಾ ಆಣಿ ಮಾಡಂಗಿಲ್ಲ.”

ಈ ನೇರ ಮಾತು ತುಳಸಿಬಾಯಿಗೆ ಹಿಡಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವರು ಅದನ್ನೇ ಯೋಚಿಸಿದರು. ದೇವದುರ್ಗದವನ ಮುಖವಾದರೂ ಕಾಣುತ್ತಿತ್ತು, ಕೀಳಲು ಒಂದು ಚಾವಿಯಾದರೂ ಇತ್ತು. ಇವನಿಗೆ ಮುಖವಿಲ್ಲ, ಊರಿಲ್ಲ, ಗಾಡಿಯಿಲ್ಲ. ಫೋಟೋ ಬರುವುದನ್ನು ತಡೆಯಲಾಗದಿದ್ದರೆ, ಬಂದ ಫೋಟೋ ನೋಡುವವರನ್ನು ತಡೆಯಬೇಕು. ಆ ನೋಡುವವರೆಲ್ಲ ಶನಿವಾರ ಒಂದೇ ಜಾಗದಲ್ಲಿ ಸಿಗುತ್ತಾರಲ್ಲ!

ಶ್ರಾವಣ ಶನಿವಾರ, ಗುಡಿಯ ಸಭಾಮಂಟಪ ಕಿಕ್ಕಿರಿದಿತ್ತು. ಗಿಲ್ಲೆಸುಗೂರು, ಚಂದ್ರಬಂಡ ಕಡೆಯಿಂದಲೂ ಜನ ಬಂದಿದ್ದರು. ಮುಂದೆ ಮೊಬೈಲು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದರು, ಲೈವ್ ನಡೆದಿತ್ತು. ಶ್ರೀವಲ್ಲಿ ತಾಯಿಯ ಪಕ್ಕ ಕೂತಿದ್ದಳು. ಬರಬೇಡವೆಂದು ಗುರುಪ್ರಸನ್ನ ಹೇಳಿದ್ದ, ಬರುತ್ತೇನೆಂದು ಅವಳೇ ಹೇಳಿ ಬಂದಿದ್ದಳು. ಅವನು ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದ. ಅರ್ಚಕರು ಸಂಕಲ್ಪಕ್ಕೆ ಹೆಸರು ಓದಲು ಕನ್ನಡಕ ಏರಿಸಿದರು. ಆಗ ತುಳಸಿಬಾಯಿ ಎದ್ದು ಹೋಗಿ ಮೈಕಿನೆದುರು ನಿಂತರು.

“ಆಚಾರ್ರ, ಎರಡು ಮಾತು ಅವ, ಆಡಿಬಿಡ್ತೀನಿ. ನಮ್ಮ ಮಂದ್ಯಾಗ ಒಂದು ಹುಡುಗಿಗೆ ಒಬ್ಬಾಂವ ಮೋಸ ಮಾಡ್ಯಾನ. ಯಾವ ಹುಡುಗಿ ಅಂತ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ, ಹೇಳಲೂಬಾರದು. ಮುಖಾ ಆಕಿದು, ಉಳಿದದ್ದೆಲ್ಲಾ ಸುಳ್ಳು, ಅಂಥಾದ್ದೊಂದು ಫೋಟೋ ಮಾಡಿ, ಇವತ್ತು ನಿಮ್ಮೆಲ್ಲಾರ ಫೋನಿಗೆ ಬಿಡ್ತೀನಿ ಅಂದಾನ. ನಮ್ಮ ಹೆದರಿಕಿ ಮ್ಯಾಲೆ ಹೊಟ್ಟಿ ಹೊರಕೊಳ್ಳಾಕತ್ತಾನ ಅಂವ.”

ಹನುಮಂತರಾಯ ಓಡಿಬಂದು ಮೈಕಿನ ಸ್ವಿಚ್ಚು ತೆಗೆದ. ಅದೊಂದು ದೊಡ್ಡ ತಪ್ಪಾಯಿತು. ಮೂವತ್ತು ಹೊಲಿಗೆ ಮಷಿನ್ನಿನ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು, ಮೈಕು ಯಾರಿಗೆ ಬೇಕಿತ್ತು? ಈಗ ಹೊರಗೆ ಚಪ್ಪಲಿ ಕಾಯುವವನಿಗೂ ಕೇಳತೊಡಗಿತು.

“ಅಂವಗ ಹುಡುಗಿ ಗೋತ್ರ ಹ್ಯಾಂಗ ಗೊತ್ತಾತು? ನಾವೇ ಬರದು ಕೊಟ್ಟೀವಿ! ಈ ಲೈವಿನ ಕೆಳಗ. ಹೆಸರು, ನಕ್ಷತ್ರ, ಕ್ಲಾಸು, ಓಣಿ. ಯಾಕ್ರೀ, ನಿಮ್ಮ ಮಗಳು ಎಷ್ಟನೇ ಕ್ಲಾಸು ಅಂತ ವೆಂಕಟರಮಣಗ ಗೊತ್ತಿಲ್ಲೇನು? ಇವತ್ತಿನಿಂದ ಯಾರೂ ಮಕ್ಕಳ ಹೆಸರು ಅದರಾಗ ಬರಿಯಂಗಿಲ್ಲ. ಬೇಕಾದ್ರ ಆಚಾರ್ರ ಕಿವ್ಯಾಗ ಬಂದು ಹೇಳ್ರಿ.” ಆಮೇಲೆ ಅವರು ಸಭೆಗೆ ಬೆನ್ನು ಹಾಕಿ ಆ ಮೊಬೈಲಿನ ಕಡೆ ತಿರುಗಿದರು. “ಏ, ಗೋತ್ರ ಹೇಳಿಕೊಂಡು ಬಂದ ಮಾವಾ, ನೋಡಾಕತ್ತೀ ಅಂತ ಗೊತ್ತದ. ನಾ ತುಳಸಿಬಾಯಿ. ನಿನ್ನ ಮ್ಯಾಲೆ ಕಂಪ್ಲೇಂಟ್ ಕೊಟ್ಟಾಕಿ ನಾನೇ. ಹುಡುಗೀರನ್ನ ಹೆದರಸ್ತೀಯಲ್ಲಾ, ನನ್ನ ಹೆದರಸು ಬಾ. ಬಿಡು ಆ ಫೋಟೋ! ಇಲ್ಲಿ ನೋಡವರು ಯಾರೂ ಇಲ್ಲ.”

ಅವನು ನೋಡುತ್ತಿದ್ದನೋ, ಅಥವಾ ಮೊದಲೇ ಹೇಳಿದ್ದ ಹೊತ್ತು ಅದೇ ಆಗಿತ್ತೋ ತಿಳಿಯದು. ಸ್ವಲ್ಪ ಹೊತ್ತಿನಲ್ಲೇ ಒಂದು ಫೋನು ಟಿಂಗ್ ಅಂದಿತು. ಮತ್ತೊಂದು. ಆಮೇಲೆ ಮಂಟಪದ ತುಂಬ.

ಶ್ರೀವಲ್ಲಿ ಕಣ್ಣು ಮುಚ್ಚಿಕೊಂಡಳು.

“ಫೋನು ಬೋರಲು ಹಾಕ್ರಿ” ಅಂದರು ತುಳಸಿಬಾಯಿ. ಕೂಗಲಿಲ್ಲ, ತರಗತಿಯಲ್ಲಿ ಸೂಜಿ ಕೆಳಗಿಡಿ ಅಂದ ಹಾಗೆ ಅಂದರು. “ತೆರದು ನೋಡಿದಾಂವ, ಇನ್ನೊಬ್ಬರಿಗೆ ಕಳಿಸಿದಾಂವ, ಅಂವನೂ ಆ ಮಾವನ ತಮ್ಮನೇ. ಅಂವನ ಹೆಸರೂ ನಾನೇ ಠಾಣೆದಾಗ ಕೊಡ್ತೀನಿ.”

ಮೊದಲು ಮಾಧವಿ ತನ್ನ ಫೋನನ್ನು ಜಮಖಾನದ ಮೇಲೆ ಬೋರಲು ಹಾಕಿದಳು. ಪಕ್ಕದವಳು ಹಾಕಿದಳು. ಒಂದೊಂದಾಗಿ ಸಾಲು ಸಾಲೇ ಬೋರಲಾದವು. ಹಿಂದಿನ ಸಾಲಿನ ಯಜಮಾನನೊಬ್ಬ ಮೆಲ್ಲಗೆ ಫೋನು ವಾರೆ ಮಾಡಿದ, ಹೆಂಡತಿ ಅವನ ಕೈ ಮೇಲೆ ಫಟ್ಟನೆ ಹೊಡೆದಳು. ಹನುಮಂತರಾಯ ಬೆವರುತ್ತ ನಿಂತಿದ್ದ. ತುಳಸಿಬಾಯಿ ಅವನನ್ನೇ ನೋಡಿದರು. ಅವನು ತನ್ನ ಫೋನು ತೆಗೆದು, ಮುಖ ಅತ್ತ ತಿರುಗಿಸಿಕೊಂಡೇ, ಆ ಫೋಟೋವನ್ನೂ ಅದನ್ನು ಹಾಕಿದವನನ್ನೂ ಗ್ರೂಪಿನಿಂದ ಕಿತ್ತುಹಾಕಿದ. ಆಮೇಲೆ ಕೋಲಿಗೆ ಸಿಕ್ಕಿಸಿದ್ದ ಮೊಬೈಲನ್ನೂ ಬಂದ್ ಮಾಡಿದ.

ಆಗ ಚಂದ್ರಬಂಡದಿಂದ ಬಂದಿದ್ದ ಹೆಂಗಸೊಬ್ಬಳು ಎದ್ದಳು. ಮಾತು ತಡವರಿಸುತ್ತಿತ್ತು. “ಅಕ್ಕಾರ, ನಮ್ಮ ಹುಡುಗಿಗೂ ಅಂವ ಮೆಸೇಜು ಮಾಡ್ಯಾನ್ರಿ. ನಮ್ಮ ಗೋತ್ರನೂ ಹೇಳಿದ್ನಂತ. ನಾವು ಆಕಿನ್ನೇ ಹೊಡದ್ವಿ.” ಅಷ್ಟು ಹೇಳಿ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಮೂಲೆಯಿಂದ ಇನ್ನೊಬ್ಬ ತಾಯಿ ಎದ್ದಳು. ತುಳಸಿಬಾಯಿಯ ಸಿಟ್ಟೆಲ್ಲ ಒಮ್ಮೆಗೇ ಇಳಿದು ಕಣ್ಣು ತುಂಬಿ ಬಂತು. ತಿರುಗಿ ನೋಡಿದರೆ ಬಾಗಿಲ ಬಳಿಯ ಕಂಬದ ಹತ್ತಿರ ಗುರುಪ್ರಸನ್ನ ಇರಲಿಲ್ಲ.

ಫೋಟೋ ಬಂದದ್ದಂತೂ ಬಂತು. ಐತವಾರ ಬೆಳಿಗ್ಗೆ ಶ್ರೀವಲ್ಲಿಯ ಬಟ್ಟೆ ತುಂಬಿದ ಬ್ಯಾಗು ಹೊರಬಾಗಿಲ ಬಳಿ ಕೂತಿತ್ತು. ಗುರುಪ್ರಸನ್ನ ರಾತ್ರಿಯೇ ತುಂಬಿಸಿಟ್ಟಿದ್ದ. “ದೇವದುರ್ಗದ ಬಸ್ಸಿಗೆ ಹೊತ್ತಾಗ್ತದ” ಎಂದು ಯಾರ ಮುಖವನ್ನೂ ನೋಡದೆ ಅಂದ. ಯಾರೂ ನೋಡಲಿಲ್ಲ, ಎಲ್ಲರೂ ಬೋರಲು ಹಾಕಿದರು ಎಂದು ತುಳಸಿಬಾಯಿ ಬೇಡಿಕೊಂಡರು, ಬೈದರು. “ಮನ್ಯಾಗ ಕೂತು ಲೈವ್ ನೋಡಿದ ಮಂದಿ ಫೋನು ಬೋರಲು ಹಾಕ್ಯಾರಂತ ನೀವು ನೋಡೀರೇನು ಅತ್ಯಾ?” ಎಂದು ಅವನು ಕೇಳಿದ. ಎಷ್ಟು ಬಾಯಿ ಮಾಡಿದರೂ ಅಂಬಣ್ಣನ ಹಟ್ಟಿಯಿಂದ ಬರಿಗೈಯಲ್ಲಿ ತಿರುಗಿದ ದಿನದ ಹಾಗೇ ಆಯಿತು.

ಅಷ್ಟರಲ್ಲಿ ವಾಹಿದಾ ಬಂದಳು. ಸಾದಾ ಚೂಡಿದಾರ, ಕೈಯಲ್ಲೊಂದು ಚೀಲ, ಯಾರೋ ಸಾಲೆಯ ಟೀಚರಿನ ಹಾಗೆ. ಬ್ಯಾಗನ್ನು ನೋಡಿದಳು, ಏನೂ ಕೇಳಲಿಲ್ಲ. ಶ್ರೀವಲ್ಲಿಯ ಎದುರು ಚಾಪೆಯ ಮೇಲೆ ಕೂತಳು.

“ಬೇಟಾ, ನಿನಗ ಹ್ಯಾಂಗ ಬರ್ತದ ಹಂಗ ಹೇಳು, ಅವಸರಿಲ್ಲ. ನಿನ್ನ ಬಾಜೂಕ ಯಾರು ಕೂಡಬೇಕು? ಅಜ್ಜಿ ಕೂಡಲೇನು? ಅಮ್ಮ?”

ತುಳಸಿಬಾಯಿ ಆಗಲೇ ಸೆರಗು ಸರಿಮಾಡಿಕೊಂಡು ಕೂರಲು ಬಗ್ಗಿದ್ದರು.

“ಅಪ್ಪ ಕೂಡಬೇಕು” ಅಂದಳು ಶ್ರೀವಲ್ಲಿ.

ಬಾಗಿಲಲ್ಲಿ ಬ್ಯಾಗಿನ ಪಕ್ಕ ನಿಂತಿದ್ದ ಗುರುಪ್ರಸನ್ನ ಬೆಚ್ಚಿದ. “ಬ್ಯಾಡಮ್ಮಾ. ಅದೆಲ್ಲಾ ನನಗ ಕೇಳಾಕ ಆಗಂಗಿಲ್ಲ.”

ಹುಡುಗಿ ಅಪ್ಪನ ಕಡೆ ತಿರುಗಿದಳು.

“ನನಗ ಹೇಳಾಕ ಆಗ್ತದ ಅಪ್ಪಾ. ನಿಮಗ ಕೇಳಾಕ ಆಗಂಗಿಲ್ಲೇನು?”

ತುಳಸಿಬಾಯಿ ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಇಲ್ಲಿ ತಮ್ಮ ಬಾಯಿ ಬೇಕಿಲ್ಲ ಎಂದು ಅವರಿಗೆ ಗೊತ್ತಾಯಿತು. ಮಾಧವಿಯ ಕೈ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು. ಒಳಗಿನಿಂದ ಅವರಿಗೆ ಕೇಳಿಸಿದ್ದು ಮೊದಲು ಬ್ಯಾಗನ್ನು ಎತ್ತಿದ ಸದ್ದು, ಅದನ್ನು ಹುಡುಗಿಯ ಕೋಣೆಯಲ್ಲಿ ಇಟ್ಟ ಸದ್ದು, ಆಮೇಲೆ ಗುರುಪ್ರಸನ್ನ ಚಾಪೆಯ ಮೇಲೆ ಕೂತು “ಹೇಳು ಮಗಾ” ಅಂದದ್ದು.